ಕೊಡಬೇಕಿಲ್ಲದ ಬಾಕಿ

14 ನವೆಂಬರ್ 1983, ಸೋಮವಾರ. ಭಾನುವಳ್ಳಿ.

ಹೊಲಿಗೆ ಮಿಷನ್ನಿನ ಜಗಳದಲ್ಲಿ ಇವತ್ತು ಗೆದ್ದೆ. ಖುಷಿಯಾಗಬೇಕಿತ್ತು. ಆಗುತ್ತಿಲ್ಲ.

ಕಂತೆಲ್ಲ ಕಟ್ಟಿದ ಮೇಲೂ ಬಡ್ಡಿ ಬಾಕಿ ಇದೆಯೆಂದು ದಾವಣಗೆರೆಯ ಅಂಗಡಿಯವರು ಪೀಡಿಸುತ್ತಿದ್ದರು. ಬೆಳಿಗ್ಗೆ ಹರಿಹರದಲ್ಲಿ ವಕೀಲ ರಾಮಚಂದ್ರಪ್ಪನವರಿಗೆ ಕರಾರು ಪತ್ರ ತೋರಿಸಿದೆ. "ನೀವು ಸಹಿ ಹಾಕಿದಾಗ ಬಡ್ಡಿ ಜಾಗ ಖಾಲಿ ಇತ್ತು. ಆಮೇಲೆ ಅವ್ರೇ ಬ್ಯಾರೆ ಮಸಿಯಾಗೆ ತುಂಬ್ಕೊಂಡಾರೆ. ಇದು ಕೋರ್ಟಲ್ಲಿ ನಿಲ್ಲಂಗಿಲ್ಲಮ್ಮ, ಒಂದು ಪೈಸೆನೂ ಕೊಡಬ್ಯಾಡ್ರಿ" ಎಂದರು.

ಅಲ್ಲಿಂದ ದಾವಣಗೆರೆಗೆ ಬಸ್ ಹತ್ತಿ, ಕೆ.ಬಿ. ಬಡಾವಣೆಯ ಆ ಅಂಗಡಿಗೆ ಹೋಗಿ ಅದನ್ನೇ ಹೇಳಿದೆ. ಮಾಲೀಕ ತಲೆಯನ್ನೂ ಎತ್ತಲಿಲ್ಲ.

"ನಿಮ್ಮ ಬಾಕಿ ಶನಿವಾರನೇ ಚುಕ್ತಾ ಆತಲ್ರೀ."

"ಯಾರು ಕೊಟ್ರು?"

"ಜಾಮೀನು ಹಾಕಿದ್ರಲ್ಲ, ನಿಮ್ಮ ಪಕ್ಕದ ಮನೆ ಉಡಚಮ್ಮ."

ಬಸ್ಸಿಳಿದು ನೇರ ಅವಳ ಮನೆಗೆ ಹೋದೆ. ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ, ತೂತು ಮುಚ್ಚದಂತೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು.

"ಮಿಷನ್ ಎತ್ಕಂಡ್ ಹೋಗ್ತೀವಿ ಅಂದ್ರು ಅಂಗಡಿಯೋರು, ಬಾನು. ಹೊಲಿಗೆ ಇಲ್ದೆ ನೀನು ಹೆಂಗೆ ಬದುಕ್ತಿ? ಹೇಳಿದ್ರೆ ನೀನು ಬ್ಯಾಡ ಅಂತಿದ್ದಿ."

ನಾನು ವಕೀಲರ ಮಾತು ಹೇಳಿಬಿಟ್ಟೆ. ಕೊಡಬೇಕಾಗಿಯೇ ಇರಲಿಲ್ಲ ಎಂದು ತಿಳಿದಾಗ ಅವಳು ಒಲೆಯ ಕಡೆ ತಿರುಗಿ ಬೆಂಕಿ ಊದತೊಡಗಿದಳು. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ಇವತ್ತೇ ಹೇಳಬಾರದಿತ್ತು.

ಅಂಗಡಿಯವ ಸುಲಭಕ್ಕೆ ಹಣ ಹಿಂದಿರುಗಿಸುವವನಲ್ಲ. ಆದರೂ ನಾಳೆ ಅವಳನ್ನೇ ಕರೆದುಕೊಂಡು ಹೋಗುತ್ತೇನೆ. ಕೊಡುವುದಿಲ್ಲ ಎನ್ನುವುದಾದರೆ ಅವಳ ಮುಖ ನೋಡಿ ಹೇಳಲಿ. ಅವಳು ಬರಲು ಒಪ್ಪಬೇಕಲ್ಲ. ಕಾಲು ಸೋತಿವೆ, ಬರೆಯುತ್ತಿರುವಾಗಲೇ ಕಣ್ಣು ನಿದ್ದೆಗೆ ಎಳೆಯುತ್ತಿದೆ. ಬೆಳಿಗ್ಗೆ ಮೊದಲು ಅವಳ ಮನೆ ಬಾಗಿಲಿಗೆ ಹೋಗಿ...