ಕಡತದ ಕೋಣೆಗೆ ಬಂದ ಪರೀಕ್ಷಕಿ

ಆಸ್ಪತ್ರೆಯ ನೆಲಮಾಳಿಗೆಯಿಂದ,
ಮಾರ್ಚ್ ೧೧, ಸೋಮವಾರ ಮಧ್ಯಾಹ್ನ

ಮುದ್ದಿನ ಮಗಳೇ,

ಹೇಗಿದ್ದೀಯಮ್ಮ? ಸೊಂಟನೋವು ಇಳಿಯಿತೇ? ಕೂಸಿಗೆ ಐದು ತಿಂಗಳು ತುಂಬಿತು, ಬೋರಲು ಬೀಳುತ್ತಾಳೆ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅವಳು ಅಲ್ಲಿ ಮೊಮ್ಮಗಳ ಜೊತೆ ಮಜವಾಗಿದ್ದಾಳೆ. ನಾನಿಲ್ಲಿ ನನ್ನ ಕೈಯಡುಗೆ ತಿಂದೂ ಗಟ್ಟಿಯಾಗಿದ್ದೇನೆ. ಚಿಂತೆ ಬೇಡ.

ಇಲ್ಲಿಯ ಸುದ್ದಿ ಕೇಳು. ನಮ್ಮ ಆಸ್ಪತ್ರೆ ಕಾಗದ ಬಿಟ್ಟು ಕಂಪ್ಯೂಟರಿಗೆ ಹೋಗಲು ತಯಾರಿದೆಯೇ ಎಂದು ನೋಡಲು ಹೋದ ತಿಂಗಳು ಒಬ್ಬ ಪರೀಕ್ಷಕಿ ಬಂದಿದ್ದಳು. ನಿನ್ನದೇ ವಯಸ್ಸು, ಕೈಯಲ್ಲಿ ಐವತ್ತೆರಡು ಪ್ರಶ್ನೆಗಳ ಪಟ್ಟಿ. ದೊಡ್ಡ ಡಾಕ್ಟರು ಮೊದಲೇ, "ಏನ್ ಕೇಳಿದ್ರೂ ಇದೆ ಅನ್ನಿ" ಎಂದು ನಮಗೆಲ್ಲ ತಾಕೀತು ಮಾಡಿದ್ದರು. ಕಂಪ್ಯೂಟರ್ ಇದೆಯಾ? ಇದೆ, ನಾಲ್ಕು; ಪೆಟ್ಟಿಗೆ ಬಿಚ್ಚಿಲ್ಲ ಅಷ್ಟೆ. ವಾರ್ಡಿನಲ್ಲಿ ನೆಟ್‌ವರ್ಕ್ ಸಿಗುತ್ತಾ? ಸಿಗುತ್ತೆ ಎಂದ ಹೆಡ್ ನರ್ಸ್, ಅವಳನ್ನು ಕರೆದುಕೊಂಡು ಹೋಗಿ ಬಚ್ಚಲಿನ ಕಿಟಕಿಯ ಪಕ್ಕ ನಿಲ್ಲಿಸಿದರಂತೆ! ಪಾಪ, ಆ ಹುಡುಗಿ ನಗು ತಡೆದುಕೊಂಡು ಬರೆದುಕೊಂಡಳು.

ಅವಳು ನನ್ನ ಕಡತದ ಕೋಣೆಗೆ ಇಳಿದು ಬಂದ ಹೊತ್ತಿಗೇ ಮೇಲಿನಿಂದ ಕರೆ ಬಂತು. ಪ್ರಜ್ಞೆ ತಪ್ಪಿದ ಅಜ್ಜಿ. ಕರೆತಂದ ಪಕ್ಕದ ಮನೆಯವರಿಗೆ ಹೆಸರು ಬಿಟ್ಟರೆ ಏನೂ ಗೊತ್ತಿಲ್ಲ. ಆ ಹೆಸರಿನವರೇ ನಮ್ಮಲ್ಲಿ ಹದಿನೇಳು ಮಂದಿ! "ಎಡಗೈಲಿ ಸುಟ್ಟ ಕಲೆ ಇದೆಯಾ?" ಎಂದೆ. ಇದೆ ಎಂದರು. ಮೂರನೇ ಕಪಾಟು, ಕೆಳಗಿನ ಖಾನೆ, ಎರಡೇ ನಿಮಿಷ. ಯಾವ ಔಷಧಿ ಆಕೆಗೆ ಒಗ್ಗುವುದಿಲ್ಲ ಎಂದು ಕಡತದ ಮೇಲೆಯೇ ಕೆಂಪಕ್ಷರದಲ್ಲಿತ್ತು. ಅದನ್ನೇ ಕೊಡಲು ಹೊರಟಿದ್ದ ಡಾಕ್ಟರು ಸೂಜಿ ಕೆಳಗಿಟ್ಟರು. ಸಂಜೆಗೆ ಅಜ್ಜಿ ಎದ್ದು ಕೂತು ಕಾಫಿ ಕೇಳಿದಳು.

ನಾನು ಬೀಗಿದ್ದೇ ಬೀಗಿದ್ದು. ಪರೀಕ್ಷಕಿ ಮಾತ್ರ ಪಟ್ಟಿ ಮಡಿಸಿ, "ಸಾರ್, ನೀವು ಬರದ ದಿನ ಇದನ್ನ ಯಾರು ಹುಡುಕ್ತಾರೆ?" ಎಂದಳು. "ಬರದ ದಿನಾನೇ ಇಲ್ಲಮ್ಮ, ಹನ್ನೊಂದು ವರ್ಷದಿಂದ ರಜೆ ಹಾಕಿಲ್ಲ" ಎಂದೆ, ಹೆಮ್ಮೆಯಿಂದಲೇ. ಹೇಳಿ ಮುಗಿಸುವಷ್ಟರಲ್ಲಿ ನಿನ್ನ ನೆನಪಾಯಿತು. ನಿನ್ನ ಹೆರಿಗೆಗೂ ಬರಲಿಲ್ಲವಲ್ಲ ನಾನು. ಅವಳ ಹಿಂದೆಯೇ ಇಳಿದು ಬಂದಿದ್ದ ದೊಡ್ಡ ಡಾಕ್ಟರ ಎದುರೇ ಹೇಳಿಬಿಟ್ಟೆ: "ನಾವು ತಯಾರಿಲ್ಲ ಸಾರ್. ಎಲ್ಲಾ ನನ್ನ ತಲೇಲಿದೆ. ನಾನು ಹಾಸಿಗೆ ಹಿಡಿದ್ರೆ ಆಸ್ಪತ್ರೆಗೇ ಮರೆವು ಬಂದ ಹಾಗೆ." ಅವರ ಮುಖ ಕೆಂಪಾಯಿತು. "ನಿಜ" ಎಂದು ಕುರ್ಚಿ ಎಳೆದು ಕೂತರು. ಮರುದಿನವೇ ಪೆಟ್ಟಿಗೆ ಬಿಚ್ಚಿಸಿದರು. ಈಗ ನಾನು ಓದಿ ಹೇಳುತ್ತೇನೆ, ಹೆಡ್ ನರ್ಸ್ ಒಂದೇ ಬೆರಳಲ್ಲಿ ಒತ್ತುತ್ತಾರೆ. ನನಗಿಂತ ಅವರಿಗೇ ಹುಮ್ಮಸ್ಸು ಹೆಚ್ಚು. ಇಲ್ಲಿಯವರೆಗೆ ನಾನ್ನೂರು ಕಡತ ಒಳಗೆ ಹೋಗಿವೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನೀನೂ ಕೂಸೂ ನೂರು ಕಾಲ ನಗುನಗುತ್ತಾ ಬಾಳಿ.

ನಿನ್ನ
ಅಪ್ಪ

ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಯಿತು. ನಾನಿಲ್ಲದೆ ಕೆಲಸ ನಡೆಯುತ್ತದೆಯೇ ಎಂದು ನೋಡಬೇಕಂತೆ; ಎಂಟು ದಿನ ನಾನು ಆಸ್ಪತ್ರೆಯ ಹೊಸಿಲು ತುಳಿಯುವಂತಿಲ್ಲ, ಪರೀಕ್ಷಕಿಯ ಕಟ್ಟಪ್ಪಣೆ. ಗುರುವಾರ ಬೆಳಗಿನ ಬಸ್ಸಿಗೆ ಹೊರಟು ಸಂಜೆಗೆ ಅಲ್ಲಿರುತ್ತೇನೆ. ಬಸ್ಸು ತಡವಾದರೂ ಸರಿ, ನಾನು ಬರುವ ಮೊದಲು ಕೂಸನ್ನು ಮಲಗಿಸಿಬಿಡಬೇಡ.