ಸೊನ್ನೆಗಿಂತ ಐದು ಡಿಗ್ರಿ ಕೆಳಗೆ

ಜೂನ್ 9, ಸೋಮವಾರ

ಮತ್ತೆ ಔಷಧಿ ಫ್ರಿಜ್ಜಿನ ತಾಪಮಾನ ನೋಡಿಕೊಳ್ಳುವ ಕೋಡ್. ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಟೆಸ್ಟ್ ಪಾಸ್. ಹೊಸ ಚಿಪ್‌ಗೆ ಹಾಕಿ ಫ್ರಿಜ್ಜನ್ನು ವಿನೋಬನಗರದ ಆಫೀಸಿನಿಂದ ಹೊಳೆಹೊನ್ನೂರಿಗೆ ಕಳಿಸಿಯಾಯಿತು. ಅಲ್ಲಿ ಸಮತಾ, ನನ್ನ ಪಿಯುಸಿ ಗೆಳತಿ, ಈಗ ದನದ ಡಾಕ್ಟರ್. ಶುಕ್ರವಾರ ಅವಳ ಲಸಿಕೆ ಶಿಬಿರ. ಲಸಿಕೆ ಹೆಪ್ಪುಗಟ್ಟಿದರೆ ಎಸೆಯಬೇಕಂತೆ. "ಮೊದ್ಲು ಬರೀ ನೀರಿನ ಬಾಟ್ಲಿ ಇಟ್ಟು ನೋಡು" ಎಂದೆ. ಸುಮ್ಮನೆ ಒಂದು ಅಳುಕು...

ಜೂನ್ 11, ಬುಧವಾರ, ಬೆಳಗ್ಗೆ

ಸಮತಾ ಫೋನ್. "ರಂಜಿನಿ, ನಿನ್ ಫ್ರಿಜ್ಜು ಇನ್ನೂರೈವತ್ತೊಂದು ಡಿಗ್ರಿ ತೋರಿಸ್ತಿದೆ ಮಾರಾಯ್ತಿ! ಒಳಗೆ ನೀರೆಲ್ಲ ಕಲ್ಲಾಗಿದೆ."

ಮೊದಲು ನಗು ಬಂತು. ಆಮೇಲೆ ಬೆವರು. ನಾಳೆ ಲಸಿಕೆ ಬರುತ್ತದೆ. ಬಸ್ ಹತ್ತಬೇಕು.

ಅದೇ ದಿನ, ಸಂಜೆ, ಹೊಳೆಹೊನ್ನೂರು

ಸಿಕ್ಕಿತು! ತಾಪಮಾನದ ಅಂಕಿಯನ್ನು ಕೋಡ್‌ನಲ್ಲಿ ಬರೀ 'ಚಾರ್' ಎಂಬ ಪುಟ್ಟ ಡಬ್ಬಿಯಲ್ಲಿ ಇಟ್ಟಿದ್ದೆ. ಲ್ಯಾಪ್‌ಟಾಪ್‌ನ ಚಾರ್‌ಗೆ ಮೈನಸ್ ಗೊತ್ತು, ಈ ಚಿಪ್‌ನದಕ್ಕೆ ಗೊತ್ತಿಲ್ಲ. ಎಂಟು ಬಿಟ್‌ನ ಮೈನಸ್ ಐದು, 'ಇಂಟ್' ಎಂಬ ದೊಡ್ಡ ಡಬ್ಬಿಗೆ ಹೋಗುವಾಗ ಮುಂದೆ ಸೊನ್ನೆ ತುಂಬಿಕೊಂಡು, ಮೈನಸ್ ಹೋಗಿ, 256ರಲ್ಲಿ ಐದು ಕಳೆದ 251 ಆಗಿದೆ. ಒಮ್ಮೆ ಸೊನ್ನೆಯ ಕೆಳಗೆ ಜಾರಿದ್ದೇ ತಡ, ವಿಪರೀತ ಬಿಸಿ ಎಂದುಕೊಂಡ ಫ್ರಿಜ್ ಇನ್ನಷ್ಟು ತಣ್ಣಗೆ ಮಾಡಿದೆ, ಪಾಪ.

"ಅಂದ್ರೆ ಚಳಿಗೆ ನಡುಗ್ತಾ ಸೆಖೆ ಅಂತ ಫ್ಯಾನ್ ಹಾಕ್ಕೊಂಡ ಹಾಗೆ?" ಸಮತಾ ಕೇಳಿದಳು.

ಹೌದು, ಅದೇ.

'ಸೈನ್ಡ್', ಅಂದರೆ ಮೈನಸ್ಸೂ ಉಂಟು, ಎಂದು ಸೇರಿಸಿದೆ. ಒಂದೇ ಪದ. ಐಸ್‌ಗೆ ಉಪ್ಪು ಬೆರೆಸಿ ಸೆನ್ಸರ್ ಇಟ್ಟೆವು — ಮೈನಸ್ ಎರಡು! ಕಂಪ್ರೆಸರ್ ತಾನೇ ನಿಂತಿತು. ಇಬ್ಬರೂ ಕಿರುಚಿದೆವು.

ಆಗ ನೆನಪಾಯಿತು: ಭದ್ರಾವತಿ ನ್ಯೂ ಟೌನಿನ ಸಿದ್ದಯ್ಯನವರ ಮೆಡಿಕಲ್ ಶಾಪ್. ಅಲ್ಲೂ ಇದೇ ಚಿಪ್, ಇದೇ ಕೋಡ್‌ನ ಫ್ರಿಜ್, ಒಳಗೆ ಇನ್ಸುಲಿನ್; ಹೆಪ್ಪುಗಟ್ಟಿದರೆ ಅದೂ ಹಾಳು. ಬಾಸ್ ಶಿವಪ್ರಸಾದ್‌ಗೆ ಫೋನ್ ಮಾಡಿದೆ.

"ಅವ್ರು ಕಂಪ್ಲೇಂಟ್ ಮಾಡಿಲ್ವಲ್ಲಮ್ಮ?"

"ಮಾಡೋ ತನಕ ಕಾಯೋದಾ ಸರ್? ಯಾರಿಗೋ ಚುಚ್ಕೊಳ್ಳೋ ಔಷಧಿ ಅದು."

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ, "ಇನ್ಸುಲಿನ್ನ ಅವ್ರ ಹಳೇ ಫ್ರಿಜ್ಜಿಗೆ ಹಾಕೋಕೆ ಈಗ್ಲೇ ಹೇಳು. ಬೆಳಗ್ಗೆ ನಾನೂ ಬರ್ತೀನಿ."

ಜೂನ್ 13, ಶುಕ್ರವಾರ

ಶಿಬಿರದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಸಿದ್ದಯ್ಯನವರಲ್ಲಿ ಇನ್ಸುಲಿನ್ ಕೆಟ್ಟಿರಲಿಲ್ಲ. ಆ ಫ್ರಿಜ್ ಇನ್ನೂ ಸೊನ್ನೆಯ ಕೆಳಗೆ ಇಳಿದೇ ಇರಲಿಲ್ಲ. ಅಲ್ಲೂ ಆ ಒಂದು ಪದ ಸೇರಿಸಿದೆ. ಬಾಸ್ ಕೈಮುಗಿದು "ತಪ್ಪು ನಮ್ದು" ಎಂದರು. ಸಿದ್ದಯ್ಯನವರು ಕಾಫಿ ತರಿಸಿದರು. ಮೂವರೂ ನಿಂತೇ ಕುಡಿದೆವು.

ಇಲ್ಲಿ ಫ್ರಿಜ್ ನಾಲ್ಕು ಡಿಗ್ರಿ. ಬೆಳಗ್ಗೆಯಿಂದ ಕದಲಿಲ್ಲ. ದನಗಳ ಸಾಲು ರಸ್ತೆಯವರೆಗೂ ಇದೆ. ಸಮತಾ ಮೊಣಕೈವರೆಗೆ ಸಗಣಿ ಮಾಡಿಕೊಂಡು ನಗುತ್ತಿದ್ದಾಳೆ. ನನ್ನ ಕೋಡ್ ಇಷ್ಟು ಕೊಂಬುಗಳನ್ನು ಕಾಯುತ್ತಿದೆ ಎಂದರೆ ಒಂಥರಾ... ಅಯ್ಯೋ, ಎಮ್ಮೆ ನನ್ನ ಬ್ಯಾಗಿಗೆ ಬಾಯಿ ಹಾ—