ಚಿಲಕ ನೋಡಿದೆಯಾ

ಸೆಪ್ಟೆಂಬರ್ 9, ಬೆಳಿಗ್ಗೆ

ಮತ್ತೆ ಕಟ್ಟು, ಮತ್ತೆ ಹೊರಡು. ಪಿಕಪ್ಪಿನ ಹಿಂದಿನ ತೊಟ್ಟಿಯ ನಡುವೆ ಕಬ್ಬಿಣದ ಗುಂಡು. ಟ್ರೇಲರಿನ ಮುಂದೆ ಬಾತುಕೋಳಿ ಕತ್ತಿನ ಹಾಗೆ ಬಾಗಿದ ಕಬ್ಬಿಣದ ತೋಳು — ನಮ್ಮ ಬಾಯಲ್ಲಿ ಬರೀ ‘ಕತ್ತು’ — ಅದರ ಮೇಲೆ ಕೂರಬೇಕು, ಕೂತ ಮೇಲೆ ಚಿಲಕ ಬೀಳಬೇಕು. ಡೆಲ್ಮಾರ್ ರಿವರ್ಸ್ ಬರುತ್ತಾನೆ, ನಾನು ಹಿಂದೆ ನಿಂತು ಕೈ ಆಡಿಸುತ್ತೇನೆ. ಮನೆ ಮಾರಿ ಗಂಡ-ಹೆಂಡತಿ ಈ ಟ್ರೇಲರಿಗೆ ಬಂದಾಗಿನಿಂದ ಇದೇ ಸಂಸಾರ. ಜಗಳವಾಡದೆ ಕಟ್ಟಿದ ದಿನ ನೆನಪಿಲ್ಲ.

ಇವತ್ತು ‘ನಿಲ್ಲು’ ಅಂತ ಕೈ ಎತ್ತಿದೆ. ನಿಲ್ಲಲಿಲ್ಲ. ಕತ್ತು ಹೋಗಿ ಪಿಕಪ್ಪಿನ ಕ್ಯಾಬಿನ್ನಿನ ಬೆನ್ನಿಗೆ ಬಡಿಯಿತು.

“ಕೈ ಎತ್ತೋಕೇನು ನೋವಾ ನೊರೀನ್, ನಿಂಗೆ?” ನನ್ನ ಮೇಲೇ ರೇಗಿದ.

ಎತ್ತಿದ್ದೆ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಸೆಪ್ಟೆಂಬರ್ 15

ಈಗ ಕೈ ಆಡಿಸುವುದು ಬಿಟ್ಟು ಕೂಗುತ್ತೇನೆ. ಬಾ… ಬಾ… ಸಾಕು. ಭುಜನೋವಿನ ನೆಪ. ದಾರಿಯ ಬೋರ್ಡುಗಳನ್ನೂ ಹರಟೆಯ ಹಾಗೆ ಓದುತ್ತೇನೆ — ಮುಂದೆ ತಿರುವಂತೆ, ನಿಧಾನ ಹೋಗಬೇಕಂತೆ.

“ಮೇಷ್ಟ್ರ ಮಗಳು. ಓದೋ ಚಪಲ ಹೋಗಲ್ಲ,” ಅಂದ.

“ಕಣ್ಣಿನ ಡಾಕ್ಟರ್‌ಗೆ ತೋರಿಸೋಣ್ವಾ?”

“ನನ್ನ ಕಣ್ಣು ಚೆನ್ನಾಗಿದೆ. ಲೈಸೆನ್ಸ್ ಕಿತ್ಕೊಳ್ಳೋದೇ ಅವರ ಕೆಲಸ. ಆಮೇಲೆ ಈ ಮನೇನ ಯಾರು ಎಳೀತಾರೆ, ನಿಮ್ಮಪ್ಪನಾ?”

ನನಗಂತೂ ಟ್ರೇಲರ್ ಎಳೆಯಲು ಬಾರದು. ಬಿಡಿಸಿ ಹೇಳಿದರೆ ಕುಸಿದುಹೋಗುತ್ತಾನೆ. ಹೇಳದಿದ್ದರೆ ಎದುರು ಬರುವವರ ಗತಿ… ಅತ್ತ ದರಿ, ಇತ್ತ ಪುಲಿ. ಬಾಯಿ ಬರುತ್ತಿಲ್ಲ.

ಸೆಪ್ಟೆಂಬರ್ 22

ಚಿಲಕ ಅರ್ಧ ಮಾತ್ರ ಬಿದ್ದಿತ್ತು. ಅವನು ಹತ್ತಿ ಕೂತ ಮೇಲೆ ನಾನು ‘ಕೋಟು ಮರೆತೆ’ ಅಂತ ಇಳಿದಿದ್ದಕ್ಕೆ ಕಂಡಿತು. ಒತ್ತಿ ಕೂರಿಸಿದೆ. ಇನ್ನು ಪ್ರತಿ ಸಲ ಏನಾದರೊಂದು ಮರೆಯಬೇಕು.

“ಮರೆವು ಜಾಸ್ತಿಯಾಯ್ತು ಮುದುಕಿ ನಿಂಗೆ.”

ಆಯಿತು, ಏನು ಮಾಡೋದು ಅಂದೆ.

ಅಕ್ಟೋಬರ್ 4, ಬಿಗ್‌ಹಾರ್ನ್ ಬೆಟ್ಟದ ಮೇಲೆ

ಹಿಮ ಬರುತ್ತದೆಂದು ಕ್ಯಾಂಪ್ ಖಾಲಿ ಮಾಡಿಸುತ್ತಿದ್ದಾರೆ. ಹೊರಡುವಾಗ ಪಕ್ಕದ ಟ್ರೇಲರಿನ ಗ್ಲೆಂಡಾ ಉಪ್ಪಿನಕಾಯಿ ಬಾಟಲಿ ಕೊಟ್ಟು ಮಾತಿಗೆ ಹಿಡಿದಳು. ಡೆಲ್ಮಾರ್ ಹಾರ್ನ್ ಹೊಡೆದ. ಓಡಿ ಹತ್ತಿದೆ. ಮರೆಯುವುದನ್ನು ಮರೆತೆ.

ಗೇಟಿನ ಹಳ್ಳದಲ್ಲಿ ಕತ್ತು ಗುಂಡಿನಿಂದ ಎದ್ದು ಪಿಕಪ್ಪಿನ ತೊಟ್ಟಿಯ ಮೇಲೇ ಕುಸಿಯಿತು. ಕಾವಲಿಗೆ ಕಟ್ಟಿದ್ದ ಸರಪಳಿ ಹಿಡಿಯಿತು, ಇಲ್ಲದಿದ್ದರೆ… ಯಾರಿಗೂ ಏನೂ ಆಗಲಿಲ್ಲ. ಗ್ಲೆಂಡಾಳ ಗಂಡ ಬಂದು ಟ್ರೇಲರನ್ನು ಅದರ ಮುಂದಿನ ಕಬ್ಬಿಣದ ಕಾಲುಗಳ ಮೇಲೆ ಎತ್ತಿ ನಿಲ್ಲಿಸಿಕೊಟ್ಟ.

ಡೆಲ್ಮಾರ್ ನಜ್ಜುಗುಜ್ಜಾದ ತಗಡಿನ ಮೇಲೆ ಅಂಗೈ ಆಡಿಸಿದ. ರೇಗಲಿಲ್ಲ.

“ಇವತ್ತು ಚಿಲಕ ನೋಡ್ಲಿಲ್ವಾ ನೀನು?”

ಗೊತ್ತಿತ್ತು. ನಾನು ‘ಮರೆತ’ ಕೋಟು, ಛತ್ರಿ, ಕನ್ನಡಕ — ಎಲ್ಲ ಅವನಿಗೆ ಗೊತ್ತಿತ್ತು. ಇವನನ್ನು ಏಮಾರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಮೆಟ್ಟಿಲ ಮೇಲೆ ಕೂತು ಅತ್ತೆ.

ಅಕ್ಟೋಬರ್ 6

ಗ್ಲೆಂಡಾ, ಅವಳ ಗಂಡನೂ ನಿನ್ನೆ ಇಳಿದುಹೋದರು; ನಾವು ಆಮೇಲೆ ಬರುತ್ತೇವೆಂದು ಡೆಲ್ಮಾರನೇ ಕಳಿಸಿದ. ಹಿಮ ಶುರು. ಫೋನ್ ಸಿಗುತ್ತಿಲ್ಲ. ಟ್ರೇಲರ್ ಬಿಟ್ಟು ಹೋದರೆ, ಹಿಮ ಕರಗುವ ಬೇಸಿಗೆಯವರೆಗೆ ಮನೆಯಿಲ್ಲ.

ಊಟದ ಮೇಜಿನ ಮೇಲೆ ಕೀ ಇಟ್ಟ.

“ರೋಡಿನ ಮಧ್ಯ ಕಾಣಲ್ಲ ನಂಗೆ. ಅಂಚು ಮಾತ್ರ ಕಾಣತ್ತೆ. ನಿನ್ನ ಮುಖಾನೂ ಅಷ್ಟೆ. ಕಿವಿ ಕಾಣತ್ತೆ.”

“ಒಳ್ಳೇದಾಯ್ತು ಬಿಡು. ಮುಖದಲ್ಲಿ ಏನುಳಿದಿದೆ?”

ನಗಲಿಲ್ಲ. ನಾನೂ ನಗಲಿಲ್ಲ.

ಅಕ್ಟೋಬರ್ 7, ಬೆಳಿಗ್ಗೆ

ನಾನು ರಿವರ್ಸ್ ಬಂದೆ. ಅವನು ಹಿಮದಲ್ಲಿ ನಿಂತು, ಕತ್ತಿನ ಮೇಲೆ ಕೈಯಿಟ್ಟು ಕೂಗಿದ. ಎಷ್ಟು ಸಲ ತಪ್ಪಿತೋ. ಕೊನೆಗೆ ಕೂತಿತು. ಚಿಲಕ ತಾನೇ ಹಾಕುತ್ತೇನೆಂದು ಹಠ. ಹಾಕಿದ.

“ಹೋಗಿ ನೋಡು,” ಅಂದ. ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಪೂರ್ತಿ ಬಿದ್ದಿರಲಿಲ್ಲ. ಒತ್ತಿದೆ.

“ಸರಿಯಾಗೇ ಬಿದ್ದಿತ್ತು,” ಅಂದೆ.

“ಸುಳ್ಳಿ. ಸದ್ದು ಈಗ ಕೇಳಿಸ್ತು.”

ಸ್ಟೀರಿಂಗ್ ಮುಂದೆ ಕೂತು ಬರೆಯುತ್ತಿದ್ದೇನೆ, ಹೊರಡುವುದನ್ನು ಇನ್ನೊಂದು ನಿಮಿಷ ತಳ್ಳಲು. ಗೇಟಿನಾಚೆ ಬರೀ ಇಳಿಜಾರು. ಪಕ್ಕದಲ್ಲಿ ಅವನು, ಇಲ್ಲದ ಬ್ರೇಕಿನ ಮೇಲೆ ಆಗಲೇ ಕಾಲಿಟ್ಟಿದ್ದಾನೆ.

“ಬೋರ್ಡ್ ಇದ್ರೆ ಓದು,” ಅಂದ. “ಗಟ್ಟಿಯಾಗಿ ಓದು.”

ಮುಂದೆ ಒಂದಿದೆ. ಹಳದಿ. ಅದರಲ್ಲಿ ‘ಕಡಿದಾದ ಇಳಿಜಾರು, ನಿಧಾನ’ ಅಂತಿದೆ. ಗಟ್ಟಿಯಾಗಿ ಓದಿ ಹೊರಡುತ್ತೇನೆ.